ನಲ್ಲಿ ಬರುತ್ತೆ, ನಮ್ಮಮ್ಮನಾಣೆ

ಚಾಮರಾಜಪೇಟೆ ಬೇವಿನಮರದ ಸಂದೀಲಿ ಹುಟ್ಟಿ, ಅದೇ ಸಂದಿಯ ಧೂಳಲ್ಲಿ ಬುಗುರಿ ಆಡಿ, ಈಗ ಕುಮಾರ ಪಾರ್ಕಿನ ಹೊಸ ಮನೇಲಿ ಸುಖವಾಗಿರೋ, ನಮ್ಮ ಡಿವಿಜನ್ನಿನ ಹಾಲಿ ಕೌನ್ಸಿಲರೂ, ದೇವರ ದಯೆ ಮತ್ತು ನಮ್ಮ ಮರೆವು ಎರಡೂ ಕೂಡಿಬಂದ್ರೆ ಮುಂದಿನ ಕೌನ್ಸಿಲರೂ ಆಗಬಹುದಾದ ಶ್ರೀಮಾನ್ ಏಕಾಂತಯ್ಯನವರ ಸಮ್ಮುಖಕ್ಕೆ, ಅದೇ ಸಂದಿಯ ಹನ್ನೊಂದು ಮನೆ ವಠಾರದ ನಾಲ್ಕನೇ ನಂಬರಿನ ಕಲ್ಯಾಣಮ್ಮನ ಮಗ ಮುರುಗೇಶ ಮಾಡೋ ಶರಣು ಶರಣಾರ್ಥಿಗಳು.

ಮಾನ್ಯರೇ,

ತಾವು ಕ್ಷೇಮವಾಗಿದೀರಿ ಅನ್ನೋದು ಹಿಟ್ಟಿನ ಗಿರಣಿ ಗೋಡೆ ಮೇಲಿರೋ ತಮ್ಮ ಪೋಸ್ಟರಿಂದ ತಿಳೀತು. ಕೆನ್ನೆ ತುಂಬ್ಕೊಂಡಿದೆ, ಜರಿ ಪೇಟ ಹೊಸದು, ನೋಡಿ ಸಂತೋಷ ಆಯ್ತು. ಅದರ ಕೆಳಗೆ 'ಈ ಬೀದಿಯ ನೀರು ಕುಡಿದು ಬೆಳೆದ ನಿಮ್ಮ ಮನೆ ಮಗನಿಗೆ ಮತ್ತೊಮ್ಮೆ ಸೇವೆಯ ಅವಕಾಶ ಕೊಡಿ' ಅಂತ ದಪ್ಪಕ್ಷರದಲ್ಲಿ ಅಚ್ಚಾಗಿದೆ. ಅಷ್ಟು ಚೆನ್ನಾಗಿರೋ ವಾಕ್ಯಕ್ಕೆ ತಿದ್ದುಪಡಿ ಹೇಳೋದು ಅಧಿಕಪ್ರಸಂಗ, ಆದ್ರೂ ಹೇಳ್ತೀನಿ. ನಮ್ಮ ಬೀದೀಲಿ ಆಗ್ಲೂ ನೀರಿರಲಿಲ್ಲ, ಈಗ್ಲೂ ಇಲ್ಲ. ತಾವು ಕುಡಿದು ಬೆಳೆದಿದ್ದು ಎರಡು ರಸ್ತೆ ಆಚೆ ಜಟಕಾ ಸ್ಟ್ಯಾಂಡ್ ಹತ್ರ ಇರೋ ನಲ್ಲಿ ನೀರು, ಅದೂ ತಮ್ಮ ತಾಯಿ ಶೈಲಜಮ್ಮನವರು ಸೊಂಟದ ಮೇಲೆ ಒಂದು ಕೊಡ, ಕೈಲೊಂದು ಬಿಂದಿಗೆ ಅಂತ ಹೊತ್ತು ತಂದಿದ್ದು. ಅವರ ಜೊತೆ ಜೊತೆಗೆ ಹೊತ್ಕೊಂಡು ಬರ್ತಿದ್ದೋರು ನಮ್ಮಮ್ಮ. ಶೈಲಜಮ್ಮನವರಿಗೆ ಈಗ ಮನೆಯೊಳಗೇ ಐದು ನಲ್ಲಿ. ನಮ್ಮನೆ ಕೊಡ ಇನ್ನೂ ಅದೇ ದಾರೀಲಿದೆ.

ಈ ಪತ್ರನ ಲಕೋಟೇಲಿ ಹಾಕದೆ ತಮ್ಮ ಪೋಸ್ಟರಿನ ಪಕ್ಕದಲ್ಲೇ ಯಾಕೆ ಅಂಟಿಸ್ತಿದೀನಿ ಅಂದ್ರೆ, ಲಕೋಟೇಲಿ ಹಾಕಿದ ಮೂರು ಪತ್ರ ಈಗಾಗ್ಲೇ ತಮ್ಮ ಮನೇಲಿ ವಿಶ್ರಾಂತಿ ತಗೋತಿವೆ, ನಾಲ್ಕನೇದು ಹೋಗಿ ಅವಕ್ಕೆ ಇಕ್ಕಟ್ಟು ಮಾಡೋದು ಬೇಡ ಅಂತ. ಅಲ್ಲದೆ ಗಿರಣಿ ಮುಂದೆ ರಾಗಿ ಡಬ್ಬ ಇಟ್ಕೊಂಡು ಸರದಿಗೆ ಕಾಯೋ ಜನಕ್ಕೆ ಓದೋಕೆ ತಮ್ಮ ಪೋಸ್ಟರ್ ಒಂದೇ ಇದೆ, ಅದು ಬೇಗ ಮುಗಿದುಹೋಗುತ್ತೆ.

ಈಗ ಯಾಕೆ ಬರೀತಿದೀನಿ ಅನ್ನೋದಕ್ಕೂ ಕಾರಣ ಇದೆ. ಹೋದ ಭಾನುವಾರ ತಮ್ಮ ಏಜೆಂಟರಾದ ಶಿವರುದ್ರಪ್ಪನವರು, ಎಲೆಕ್ಷನ್ ಬಂದಾಗ ಮಾತ್ರ ನಮ್ಮ ಸಂದಿಗೆ ದಾರಿ ಗೊತ್ತಾಗೋ ಪುಣ್ಯಾತ್ಮರು, ಹೋದ ಸಲ ನಾನು ಕೂಗಿ ಕೂಗಿ ಬಾಯಿ ಸೊಟ್ಟ ಮಾಡಿಟ್ಟಿದ್ದ ಅದೇ ತಗಡಿನ ತುತ್ತೂರೀನ ಕಂಕುಳಲ್ಲಿ ಇರುಕ್ಕೊಂಡು ವಠಾರಕ್ಕೆ ಬಂದ್ರು. ಯಜಮಾನ್ರು ನಿನ್ನ ಗಂಟಲು ಮರೆತಿಲ್ಲ ಕಣೋ ಮುರುಗೇಶ, ಈ ಸಲಾನೂ ನೀನೇ ಕೂಗಬೇಕಂತೆ ಅಂದ್ರು. ನಲ್ಲಿ ಮರೆತೋರು ಗಂಟಲು ನೆನಪಿಟ್ಕೊಂಡಿರೋದು ಸಾಮಾನ್ಯ ಗುಣ ಅಲ್ಲ. ಅಂಥಾ ಗೌರವಕ್ಕೆ ಬಾಯಿಮಾತಲ್ಲಿ ಉತ್ತರ ಕೊಟ್ರೆ ಸಾಲದು ಅಂತ ಈ ಕಾಗದ.

ತಮಗೆ ಕೆಲಸ ಜಾಸ್ತಿ, ಅದಕ್ಕೆ ಮೊದಲಿಂದ ನೆನಪು ಮಾಡ್ತೀನಿ. ನಾಲ್ಕು ವರ್ಷದ ಹಿಂದೆ ನಾನು ಹತ್ತನೇ ಕ್ಲಾಸಿನ ಹೊಸಿಲಲ್ಲೇ ಎಡವಿ, ಸೈಕಲ್ ಶಾಪಲ್ಲಿ ಒಂದು ತಿಂಗಳು, ಊದಿನಕಡ್ಡಿ ಕಾರ್ಖಾನೇಲಿ ಎರಡು ತಿಂಗಳು ಅಂತ ಎಲ್ಲೂ ಕಾಲು ನಿಲ್ಲದೆ ತಿರುಗ್ತಿದ್ದೆ. ಆಗ ತಾವು ಏಕಾಂತಣ್ಣ. ಏಕಾಂತಣ್ಣ ಎಲೆಕ್ಷನ್ನಿಗೆ ನಿಂತಿದಾರೆ ಅಂದ್ರೆ ನಾವೇ ನಿಂತ ಹಾಗೆ ಅಂತ ತುತ್ತೂರಿ ಹಿಡ್ಕೊಂಡು ಇಡೀ ಡಿವಿಜನ್ ಸುತ್ತಿದೆ. ಕೊನೇ ದಿನ ಸಾಯಂಕಾಲ ನಮ್ಮ ವಠಾರದ ಬಾಗಿಲಿಗೇ ಬಂದಾಗ, ಸೊಪ್ಪು ಮಾರೋ ಮುನಿಯಕ್ಕ ಬುಟ್ಟಿ ಇಳಿಸಿ, ಎಲ್ಲಾ ಸರಿ, ಇವರು ಗೆದ್ಮೇಲೆ ನಲ್ಲಿ ಬರುತ್ತೆ ಅಂತ ಯಾರು ಜವಾಬ್ದಾರಿ ಅಂತ ಕೇಳಿದ್ಲು. ತಾವು ನನ್ನ ಮುಖ ನೋಡಿದ್ರಿ. ನಾನು ಒಂದು ಕ್ಷಣ ಕೂಡ ಯೋಚನೆ ಮಾಡದೆ ತುತ್ತೂರೀನ ಬಾಯಿಗಿಟ್ಟು, ಹನ್ನೊಂದು ಮನೆಗೂ ಕೇಳೋ ಹಾಗೆ ಕೂಗಿದೆ:

"ನಲ್ಲಿ ಬರುತ್ತೆ, ನಮ್ಮಮ್ಮನಾಣೆ."

ತಾವು ಬೆನ್ನು ತಟ್ಟಿ ಭೇಷ್ ಅಂದ್ರಿ. ನಮ್ಮಮ್ಮ ಒಳಗೆ ರೊಟ್ಟಿ ತಟ್ತಿದ್ರು, ಅವರ ಕೈ ಸದ್ದು ನಿಂತಿದ್ದು ನನಗೆ ಕೇಳಿಸ್ತು. ಆಣೆ ಇಟ್ಟೋನು ನಾನು, ಲಾಭ ಆಗಿದ್ದು ತಮಗೆ, ಆಣೆ ಹೋಗಿ ಕೂತಿದ್ದು ಅವರ ತಲೆ ಮೇಲೆ. ತಾವು ಗೆದ್ದಿದ್ದು ಇಪ್ಪತ್ತಾರು ಓಟಿನ ಅಂತರದಲ್ಲಿ. ನಮ್ಮ ಸಂದೀಲಿ ಓಟು ನಲವತ್ತಮೂರು. ಇದನ್ನ ಉಪಕಾರ ಅಂತ ಹೇಳ್ತಿಲ್ಲ, ಕೂಡಿಸಿ ಕಳೆಯೋದು ನನಗೆ ಮೊದಲಿಂದಲೂ ಬರಲ್ಲ.

ಗೆದ್ದ ಮೇಲೆ ತಾವು ಸುಮ್ಮನೆ ಕೂತ್ರಿ ಅಂತ ಯಾರಾದ್ರೂ ಅಂದ್ರೆ ಅವರ ನಾಲಿಗೆ ಸೇದಿಹೋಗಲಿ. ಮೂರೇ ತಿಂಗಳಲ್ಲಿ ಸಂದಿ ತುದೀಲಿ ಚಪ್ಪರ ಹಾಕ್ಸಿದ್ರಿ, ಓಲಗ ತರಿಸಿದ್ರಿ, ನಲ್ಲಿಗೆ ಶಂಕುಸ್ಥಾಪನೆ ಮಾಡಿದ್ರಿ. ಶಾಲೆಗೆ, ಛತ್ರಕ್ಕೆ, ಆಸ್ಪತ್ರೆಗೆ ಕಲ್ಲು ನೆಡೋದು ಎಲ್ಲಾ ಊರಲ್ಲೂ ಉಂಟು, ಒಂದು ಬೀದಿ ನಲ್ಲಿಗೆ ಸೊಂಟದೆತ್ತರ ಕಲ್ಲು ನೆಟ್ಟ ದೊಡ್ಡ ಮನಸ್ಸು ತಮ್ಮದೊಂದೇ ಇರಬೇಕು. ಕಲ್ಲಿನ ಮೇಲೆ ತಮ್ಮ ಹೆಸರು, ತಮ್ಮ ತಂದೆಯವರ ಹೆಸರು, ತಿಥಿ, ವಾರ, ನಕ್ಷತ್ರ ಎಲ್ಲಾ ಬಂತು. ನಲ್ಲಿ ಅನ್ನೋ ಎರಡಕ್ಷರ ಮಾತ್ರ ಕೆಳಗೆ ಜಾಗ ಸಾಲದೆ ಸ್ವಲ್ಪ ಸಣ್ಣದಾಯ್ತು. ಅವತ್ತು ಹಂಚಿದ ಕೋಸಂಬರಿ ಪಾನಕದ ರುಚಿ ಇನ್ನೂ ನಾಲಿಗೆ ಮೇಲಿದೆ. ಆ ಪಾನಕಕ್ಕೆ ನೀರು ಜಟಕಾ ಸ್ಟ್ಯಾಂಡಿಂದ ಹೊತ್ತವನು ನಾನೇ.

ಆಮೇಲೆ ಪೈಪು. ಮೊದಲನೇ ವರ್ಷ ಫೈಲು ಮೇಲೆ ಹೋಗಿದೆ ಅಂದ್ರಿ. ಎರಡನೇ ವರ್ಷ ಪೈಪು ಹಡಗಲ್ಲಿದೆ ಅಂದ್ರಿ, ನಾವು ಸಮುದ್ರ ನೋಡಿದವರಲ್ಲ, ನಂಬಿದ್ವಿ. ಮೂರನೇ ವರ್ಷ ಇಬ್ಬರು ಬಂದು ಕಲ್ಲಿಂದ ವಠಾರದ ತನಕ ಕಾಲುವೆ ಅಗೆದು, ಒಂದು ವಾರ ಬಿಟ್ಟು ಅವರೇ ಬಂದು ಮುಚ್ಚಿ ಹೋದ್ರು. ಅಷ್ಟು ನೀಟಾಗಿ ಮುಚ್ಚಿದ್ದನ್ನ ನಾನೆಲ್ಲೂ ನೋಡಿಲ್ಲ.

ನಲ್ಲಿ ಬರದೆ ಇದ್ರೂ ತಮ್ಮ ಕಲ್ಲು ಸುಮ್ಮನಿರಲಿಲ್ಲ. ಮುನಿಯಕ್ಕ ದಿನಾ ಸೊಪ್ಪಿನ ಬುಟ್ಟಿ ಇಳಿಸ್ತಿದ್ದಿದ್ದು ಅದರ ತಲೆ ಮೇಲೆ. ಒಂದು ದಿನ ಅವಳ ಮೊಮ್ಮಗಳಿಗೆ ಜ್ವರ ಬಂದು, ಬುಟ್ಟಿ ಇಳಿಸ್ತಾ ಕಲ್ಲಿಗೆ ತಲೆ ಕೊಟ್ಟು, ಅಪ್ಪಾ ನೀನೇ ಕಾಪಾಡು ಅಂದ್ಲಂತೆ, ಸಂಜೆಗೆ ಜ್ವರ ಇಳೀತಂತೆ. ಮಾರನೇ ದಿನ ಕಲ್ಲಿಗೆ ಅರಿಶಿನ. ಅದರ ಮಾರನೇ ದಿನ ಕುಂಕುಮ, ಕಣಗಿಲೆ ಹೂವು. ಶ್ರಾವಣ ಬರೋ ಹೊತ್ತಿಗೆ ತಮ್ಮ ಹೆಸರು, ತಮ್ಮ ತಂದೆಯವರ ಹೆಸರು, ನಕ್ಷತ್ರ ಸಮೇತ ಅರಿಶಿನದಡಿ ಮುಚ್ಚಿಹೋಗಿ, ಸುತ್ತಮುತ್ತಲ ಜನ ನಲ್ಲಿ ಮುನೇಶ್ವರ ಅಂತ ಕರೆಯೋಕೆ ಶುರುಮಾಡಿದ್ರು. ಮಡಿ ಹೆಂಗಸಾದ ಎರಡನೇ ನಂಬರಿನ ತುಳಸಮ್ಮನವರೇ, ಯಾವ ದೇವರಾದ್ರೇನು, ನಮ್ಮ ಸಂದಿಗೆ ಅಂತ ಬಂದಿರೋದು ಇದೊಂದೇ ಅಂತ ದೂರದಿಂದ ಕೈ ಮುಗೀತಾರೆ. ಇದರಿಂದ ಆದ ಒಂದು ಚಿಕ್ಕ ತೊಂದರೆ ಏನಂದ್ರೆ, ದೇವರು ಅಂದ್ಮೇಲೆ ದಿನಾ ಅಭಿಷೇಕ ಆಗಬೇಕು. ಹಾಗಾಗಿ ನಲ್ಲಿಗೋಸ್ಕರ ನೆಟ್ಟ ಕಲ್ಲಿಗೆ ನೀರೆರೆಯೋಕೆ ನಮ್ಮ ಹೆಂಗಸರು ದಿನಾ ಒಂದು ಕೊಡ ಜಾಸ್ತಿ ಹೊರ್ತಿದಾರೆ.

ನಮ್ಮಮ್ಮ ಮಾತ್ರ ಆ ಕಲ್ಲಿಗೆ ಕೈ ಮುಗಿದವರಲ್ಲ. ನನ್ನ ದೇವರು ನನ್ನ ಕೊರಳಲ್ಲೇ ಇದೆ, ಬೀದಿಗೆ ಯಾಕೆ ಹೋಗ್ಲಿ ಅಂತಾರೆ. ಲಿಂಗಪೂಜೆ ಆಗದೆ ಒಂದು ಗುಟುಕು ನೀರು ಕುಡಿಯೋರಲ್ಲ, ಪೂಜೆಗೆ ಬೇರೆಯವರು ತಂದ ನೀರು ಆಗಲ್ಲ. ಹಾಗಾಗಿ ಈ ಐವತ್ತೆಂಟನೇ ವಯಸ್ಸಲ್ಲೂ ಬೆಳಗಿನ ಮೊದಲನೇ ಕೊಡ ಅವರದೇ ಆಗಿತ್ತು. ಹೋದ ಆಷಾಢದಲ್ಲಿ, ತಮ್ಮ ಕಡೆಯವರು ನೀಟಾಗಿ ಮುಚ್ಚಿದ್ದ ಕಾಲುವೆ ಮಣ್ಣು ಜಡಿಮಳೆಗೆ ಕುಸಿದು, ಅಮ್ಮ ತುಂಬಿದ ಕೊಡದ ಸಮೇತ ಅದರೊಳಗೆ ಬಿದ್ರು. ಎಡಗೈ ಮಣಿಕಟ್ಟು ಮುರೀತು. ನಾಟಿ ವೈದ್ಯರು ಬಿದಿರು ಪಟ್ಟಿ ಕಟ್ಟಿ ಕೂಡಿಸಿದ್ರು, ಕೂಡಿದ್ದು ಸೊಟ್ಟಕ್ಕೆ.

ತಾವೂ ಲಿಂಗವಂತರು, ವಿವರಿಸಬೇಕಾಗಿಲ್ಲ. ಲಿಂಗ ಇಟ್ಟು ಪೂಜೆ ಮಾಡಬೇಕಾದ್ದು ಎಡ ಅಂಗೈ ಮೇಲೆ. ನಮ್ಮಮ್ಮನ ಎಡ ಅಂಗೈ ಈಗ ನೆಟ್ಟಗೆ ಮೇಲಕ್ಕೆ ತಿರುಗಲ್ಲ. ದಿನಾ ಬೆಳಿಗ್ಗೆ ನಾನು ಸ್ನಾನ ಮಾಡಿ ಅವರ ಎದುರು ಕೂತು, ಅವರ ಕೈ ಕೆಳಗೆ ನನ್ನ ಕೈ ಕೊಟ್ಟು, ಲಿಂಗ ಜಾರದ ಹಾಗೆ ಹಿಡ್ಕೊಂಡಿರಬೇಕು. ಎಲ್ಲೂ ಒಂದು ಗಳಿಗೆ ನಿಲ್ಲದೆ ಓಡಾಡ್ತಿದ್ದೋನು ಅಲ್ಲಿ ಅರ್ಧ ಗಂಟೆ ಅಲ್ಲಾಡದೆ ಕೂತಿರ್ತೀನಿ. ಪೂಜೆ ನೀರನ್ನೂ ನಾನೇ ತರ್ತೀನಿ, ಹೊಟ್ಟೇಲಿ ಹುಟ್ಟಿದೋನು ಬೇರೆಯವನಲ್ಲ ಅಂತ ಒಪ್ಕೊಂಡಿದಾರೆ. ಕೊಡ ಹೊತ್ಕೊಂಡು ಬರೋವಾಗ ಸೈಕಲ್ ಶಾಪಿನ ಹುಡುಗರು, ಏನಮ್ಮಾ ಮುರುಗಮ್ಮಾ, ಇವತ್ತು ನೀರಿಗೆ ಜನ ಜಾಸ್ತಿನಾ ಅಂತ ಕೇಳ್ತಾರೆ. ಅದು ನನಗೆ ನಾಟಲ್ಲ. ನಾಟೋದು ಬೇರೆ. ನಲ್ಲಿ ಹತ್ರ ಸರದೀಲಿ ನಿಂತ ಹೆಂಗಸರು ನಾನು ಬಂದ ತಕ್ಷಣ ಮಾತು ನಿಲ್ಲಿಸ್ತಾರೆ. ನಿಲ್ಲಿಸಿದ ಮಾತು ಯಾವುದು ಅಂತ ನನಗೆ ಗೊತ್ತು. ಹೆತ್ತ ತಾಯಿ ಮೇಲೆ ಸುಳ್ಳಾಣೆ ಇಟ್ಟ, ಆಣೆ ತಟ್ಟದೆ ಬಿಡುತ್ತಾ, ಅಂತ.

ಅಮ್ಮ ಬೈದಿಲ್ಲ. ಬೈದಿದ್ರೆ ಈ ಕಾಗದ ಬರೀತಿರಲಿಲ್ಲ. ಒಂದೇ ಒಂದು ಸಲ, ನಾನು ತಮ್ಮನ್ನ ಶಪಿಸ್ತಿದ್ದಾಗ, ಅಂಗೈ ಮೇಲಿನ ಲಿಂಗದಿಂದ ಕಣ್ಣು ತೆಗೀದೆ ಹೇಳಿದ್ರು:

"ಏಕಾಂತನ್ನ ಯಾಕೆ ಬೈತೀಯೋ. ಅವನು ಎಲ್ಲೂ ಬರುತ್ತೆ ಅಂತ ಹೇಳಲಿಲ್ಲ. ಹೇಳಿದ್ದು ನೀನು."

ಮಾನ್ಯರೇ, ನಾನು ಎಷ್ಟು ಯೋಚಿಸಿದ್ರೂ ಅದು ನಿಜ. ಅಷ್ಟು ದಿನ ಅಷ್ಟು ಬೀದೀಲಿ ತಾವು ಕೈ ಮುಗಿದ್ರಿ, ನಕ್ಕಿದ್ರಿ, ಮಕ್ಕಳ ಕೆನ್ನೆ ಹಿಂಡಿದ್ರಿ. ಮಾತು ಆಡಿದ್ದೆಲ್ಲಾ ನಮ್ಮ ಬಾಯಲ್ಲಿ. ಇಂಥಾ ಜಾಣತನ ಹತ್ತನೇ ಕ್ಲಾಸಲ್ಲಿ ಹೇಳಿಕೊಡಲ್ಲ.

ಇನ್ನು ಹೋದ ತಿಂಗಳ ವಿಷಯಕ್ಕೆ ಬರ್ತೀನಿ. ನಾಲ್ಕು ವರ್ಷ ಆದ್ಮೇಲೆ ತಾವು ಸಂದಿಗೆ ಪಾದ ಬೆಳೆಸಿದ್ರಿ. ಹಾರ ಹಾಕಿಸ್ಕೊಂಡು ಬರ್ತಿದ್ದೋರು, ಅರಿಶಿನ ಮೆತ್ತಿದ ಕಲ್ಲು, ಅದರ ಮುಂದೆ ಉರೀತಿದ್ದ ಹಣತೆ ನೋಡಿ ಅಲ್ಲೇ ನಿಂತ್ರಿ. ಪಂಪ್ ಶೂ ಬಿಟ್ರಿ. ಪೇಟ ತೆಗೆದು ಶಿವರುದ್ರಪ್ಪನವರ ಕೈಗೆ ಕೊಟ್ರಿ. ಮೂರು ಸುತ್ತು ಬಂದು, ಹಣೆ ಮುಟ್ಟಿಸಿ, ಕಾಯಿ ಒಡೆಸಿ, ಆಮೇಲೆ ಮುನಿಯಕ್ಕನ್ನ ಕೇಳಿದ್ರಿ:

"ಯಾವ ದೇವ್ರಮ್ಮ ಇದು, ನಾನಿದ್ದಾಗ ಇರಲಿಲ್ವಲ್ಲ?"

ನಾನು ಬೇವಿನ ಮರಕ್ಕೆ ಒರಗಿ ನಿಂತಿದ್ದೆ. ನಗು ಬಂತೋ ಅಳು ಬಂತೋ ನೆನಪಿಲ್ಲ. ಮುನಿಯಕ್ಕ ಸೆರಗು ಸರಿ ಮಾಡ್ಕೊಂಡು, ನಲ್ಲಿ ಮುನೇಶ್ವರ ಸ್ವಾಮಿ, ಬೇಡಿದ್ದು ಕೊಡ್ತಾನೆ, ನಲ್ಲಿ ಒಂದು ಬಿಟ್ಟು ಅಂದ್ಲು. ತಾವು ತಲೆದೂಗಿ, ಈ ಸಲ ಗೆಲ್ಲಿಸಿದ್ರೆ ಇದೇ ಜಾಗದಲ್ಲಿ ಮುನೇಶ್ವರನಿಗೆ ಕಲ್ಲು ಮಂಟಪ ಕಟ್ಟಿಸ್ತೀನಿ ಅಂತ ಎಲ್ಲರೆದುರು ಹರಕೆ ಹೊತ್ರಿ. ತಮ್ಮ ಕಲ್ಲಿಗೆ ತಾವೇ ಹರಕೆ ಹೊತ್ತು, ತಮ್ಮನ್ನ ಗೆಲ್ಲಿಸು ಅಂತ ತಮ್ಮನ್ನೇ ಬೇಡ್ಕೊಂಡಿದ್ದು ಇದ್ಯಲ್ಲ, ಯೋಗಿಗಳಿಗೂ ಅಷ್ಟು ಸುಲಭದಲ್ಲಿ ಸಿದ್ಧಿಸಲ್ಲ. ಆದ್ರೆ ಮಂಟಪ ಎದ್ರೆ ನಲ್ಲಿಗೆ ಅಂತ ಇದ್ದ ಜಾಗ ಹೋಯ್ತು. ನಲ್ಲಿ ಹೋದ್ರೆ ನಮ್ಮಮ್ಮನ ತಲೆ ಮೇಲಿನ ಆಣೆ ಅಲ್ಲೇ ಉಳೀತು.

ಆದ್ದರಿಂದ ತಮ್ಮ ಪಾದಕ್ಕೆ ನಾನು ಅರಿಕೆ ಮಾಡ್ಕೊಳ್ಳೋದು ಏನಂದ್ರೆ, ಪೈಪು ಇನ್ನೂ ಹಡಗಲ್ಲೇ ಇದ್ರೆ ಅದಕ್ಕೆ ದಯವಿಟ್ಟು ಅವಸರ ಮಾಡಬೇಡಿ, ಪಾಪ, ಎರಡನೇ ವರ್ಷದಿಂದ ತೇಲ್ತಿದೆ, ಸುಸ್ತಾಗಿರುತ್ತೆ. ಅದರ ಬದಲು ಕೌನ್ಸಿಲಿನ ಮುಂದಿನ ಮೀಟಿಂಗಲ್ಲಿ ತಾವು ಎದ್ದು ನಿಂತು, ಚಾಮರಾಜಪೇಟೆ ಬೇವಿನಮರದ ಸಂದಿ ಮುರುಗೇಶ ತನ್ನ ತಾಯಿ ಮೇಲೆ ಇಟ್ಟಿರೋ ಆಣೆಯನ್ನ ಈ ಸಭೆ ಸರ್ವಾನುಮತದಿಂದ ರದ್ದು ಮಾಡಿದೆ ಅಂತ ಒಂದು ಠರಾವು ಪಾಸು ಮಾಡಿಸಿ, ಮೊಹರು ಹಾಕಿಸಿ ಒಂದು ನಕಲು ನಮಗೆ, ಇನ್ನೊಂದು ನಲ್ಲಿ ಹತ್ರ ಮಾತಾಡೋ ಹೆಂಗಸರಿಗೆ ಕಳಿಸಿಕೊಡಬೇಕು. ಆಣೆ ರದ್ದು ಮಾಡೋ ಅಧಿಕಾರ ಕೌನ್ಸಿಲಿಗೆ ಇಲ್ಲ ಅನ್ನೋದಾದ್ರೆ ಬೇಡ. ತಾವೇ ಒಂದು ದಿನ, ಒಂದೇ ದಿನ, ಬೆಳಿಗ್ಗೆ ಬಂದು, ಜಟಕಾ ಸ್ಟ್ಯಾಂಡಿಂದ ಒಂದು ಕೊಡ ಹೊತ್ಕೊಂಡು ನಮ್ಮನೆ ಬಾಗಿಲಿಗೆ ಇಳಿಸಿ. ಫೋಟೋದವರನ್ನ ಕರ್ಕೊಂಡು ಬಂದ್ರೂ ಅಡ್ಡಿಯಿಲ್ಲ. ಇಲ್ಲಾ, ಕುಮಾರ ಪಾರ್ಕ್ ಮನೇಲಿರೋ ಐದು ನಲ್ಲೀಲಿ ಯಾವುದಕ್ಕೆ ಕೆಲಸ ಕಮ್ಮಿಯೋ ಅದನ್ನ ಎಲೆಕ್ಷನ್ ಮುಗಿಯೋ ತನಕ ಎರವಲು ಕೊಡಿ. ಕಲ್ಲಿನ ಪಕ್ಕದಲ್ಲಿ ಬರೀ ನಲ್ಲಿ ನೆಟ್ಕೋತೀವಿ. ನೀರು ಬರದಿದ್ರೂ ಪರವಾಗಿಲ್ಲ. ನಾನು ಕೂಗಿದ್ದು ನಲ್ಲಿ ಬರುತ್ತೆ ಅಂತ, ನೀರು ಬರುತ್ತೆ ಅಂತ ಎಲ್ಲೂ ಕೂಗಿಲ್ಲ. ಇಂಥಾ ಸೂಕ್ಷ್ಮ ತಮ್ಮ ನೆರಳಲ್ಲಿ ಇದ್ದಿದ್ದಕ್ಕೆ ಕಲಿತಿದ್ದು.

ಕೊನೇದಾಗಿ, ತುತ್ತೂರಿ ವಿಷಯ. ಅದನ್ನ ನಾನು ವಾಪಸ್ ಕಳಿಸಿಲ್ಲ, ಮನೇಲಿಟ್ಕೊಂಡಿದೀನಿ. ಕೂಗೋಕೂ ಒಪ್ಕೊಂಡಿದೀನಿ ಅಂತ ಶಿವರುದ್ರಪ್ಪನವರು ಹೇಳಿರಬೇಕು. ಏನು ಕೂಗ್ತೀನಿ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೆಳಗೆ ಬರೆದಿದೀನಿ.

ತಮ್ಮನ್ನ ಒಂದು ಸಲ ಪೂರ್ತಿ ನಂಬಿ, ಎರಡನೇ ಸಲಕ್ಕೆ ಪಾಠ ಕಲಿತಿರೋ,
ತಮ್ಮ ವಿಶ್ವಾಸಿ,
ಮುರುಗೇಶ
ಮನೆ ನಂಬರ್ ನಾಲ್ಕು, ಬೇವಿನಮರದ ಸಂದಿ

ತಾ.ಕ.: ತಾವು ಕುಮಾರ ಪಾರ್ಕಿಗೆ ಹೋದ್ರೂ ಇಲ್ಲಿಯವರಾಗೇ ಉಳೀಬೇಕು ಅಂತ ಮನೆಯವರ ಹೆಸರೆಲ್ಲ ಓಟರ್ ಲಿಸ್ಟಲ್ಲಿ ತಮ್ಮ ಹಳೇ ಮನೆ, ಏಳನೇ ನಂಬರಿಗೇ ಬಿಟ್ಟಿದೀರಿ. ಹಾಗಾಗಿ ತಮ್ಮ ತಾಯಿಯವರು ಓಟಿನ ಚೀಟಿ ಕೇಳೋ ನೆಪದಲ್ಲಿ ಮೊನ್ನೆ ಮಂಗಳವಾರ ಜಟಕಾ ಮಾಡ್ಕೊಂಡು ನಮ್ಮ ವಠಾರಕ್ಕೆ ಬಂದಿದ್ರು, ತಮಗೆ ಹೇಳಿ ಬಂದಿರಲಾರರು. ನಮ್ಮಮ್ಮನ ಸೊಟ್ಟ ಕೈನ ಮಡಿಲಲ್ಲಿಟ್ಕೊಂಡು ಬಹಳ ಹೊತ್ತು ಕೂತಿದ್ರು. ಹೋಗೋವಾಗ ಕಲ್ಲಿನ ಹತ್ರ ನಿಂತು, ಸೆರಗು ಒದ್ದೆ ಮಾಡಿ ಅರಿಶಿನ ಒರೆಸಿ, ಓದಪ್ಪ ಅಂದ್ರು. ನಾನು ತಮ್ಮ ಹೆಸರಿಂದ ಹಿಡಿದು ಕೆಳಗಿನ ಸಣ್ಣ ಎರಡಕ್ಷರದ ತನಕ ಓದಿದೆ. ಆಣೆಯ ಕತೆ ಅವರಿಗೆ ನಲ್ಲಿ ಹತ್ರದ ಹೆಂಗಸರು ಮೊದಲೇ ಹೇಳಿದ್ರು. ಎಲ್ಲಾ ಕೇಳಿಸ್ಕೊಂಡು ಅವರು ಅಂದಿದ್ದು ಇಷ್ಟೇ:

"ನನ್ನ ಮಗನ ಮಾತಿಗೆ ನಿನ್ನ ತಾಯಿ ಮೇಲೆ ಯಾಕೋ ಆಣೆ ಇಟ್ಟೆ, ಹೆತ್ತೋಳು ನಾನಿರಲಿಲ್ವ? ಅವಳ ಮೇಲಿಂದ ತೆಗಿ. ಈ ಸಲ ನನ್ನ ಮೇಲೆ ಇಟ್ಟು ಕೂಗು."

ಅವರೇ ನನ್ನ ಬಲಗೈ ಹಿಡಿದು ತಲೆ ಮೇಲಿಟ್ಕೊಂಡ್ರು. ಜಾಗದ ಚಿಂತೆಯೂ ಇಲ್ಲ. ಮುನೇಶ್ವರನನ್ನ ಕೇಳಿದೀನಿ, ಬೇವಿನ ಮರದ ಬುಡಕ್ಕೆ ಎರಡು ಮಾರು ಸರ್ಕೋತಾನಂತೆ ಅಂತ ಮುನಿಯಕ್ಕ ಅವತ್ತೇ ಹೇಳಿದ್ಲು. ಆದ್ದರಿಂದ ನಾಳೆ ಬೆಳಿಗ್ಗೆಯಿಂದ ಇಡೀ ಡಿವಿಜನ್ನಿನ ಬೀದಿ ಬೀದೀಲಿ ನಾನು ಕೂಗೋದು, 'ಏಕಾಂತಯ್ಯನವರು ಗೆದ್ರೆ ನಲ್ಲಿ ಬರುತ್ತೆ, ಶೈಲಜಮ್ಮನಾಣೆ'. ಓಟು ಬಂದೇ ಬರುತ್ತೆ, ಆ ಹೆಸರಿಗೆ ಇಲ್ಲಿ ಇನ್ನೂ ಬೆಲೆ ಇದೆ.

ಒಂದೇ ಒಂದು ಕಿವಿಮಾತು. ಐದು ನಲ್ಲಿ ಇರೋ ಮನೆ, ಬಚ್ಚಲು ಯಾವಾಗ್ಲೂ ಒದ್ದೆ, ನೆಲದ ಕಲ್ಲು ಬೇರೆ ಬಲೇ ನುಣುಪು ಅಂತ ತಮ್ಮ ತಾಯಿಯವರೇ ಹೇಳ್ತಿದ್ರು. ಗೆದ್ದ ದಿನದಿಂದ ಅವರು ಎದ್ದು ಹೋಗೋವಾಗೆಲ್ಲ ಸ್ವಲ್ಪ ಕೈ ಹಿಡ್ಕೊಳ್ಳಿ.